ಕುಡಿಯದ ಗುಮಾಸ್ತರ ಲಿವರ್: ಗಂಗಾವತಿಯ ಒಂದು ಪ್ರಕರಣ

2023ರ ಆಗಸ್ಟ್‌ನಲ್ಲಿ ಅವರು ನನ್ನ ಕ್ಲಿನಿಕ್ಕಿಗೆ ಬಂದದ್ದು ಲಿವರ್ ತೋರಿಸೋಕೆ ಅಲ್ಲ. ಬಿಳಿ ರಕ್ತಕಣ ಏರುತ್ತಿಲ್ಲ ಅಂತ.

ಮಳೆಗಾಲ ಬಂತೆಂದರೆ ಗಂಗಾವತಿಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಪ್ಲೇಟ್‌ಲೆಟ್‌ಗೆ ನಮ್ಮ ಕಡೆ ಜನ ಬಿಳಿ ರಕ್ತಕಣ ಅಂತಲೇ ಅನ್ನುತ್ತಾರೆ. ಅವೆರಡೂ ಬೇರೆ ಬೇರೆ, ಆದರೆ ಮಾತು ರೂಢಿಯಾಗಿಬಿಟ್ಟಿದೆ. ಅವರಿಗೆ ಜುಲೈನಲ್ಲಿ ಜ್ವರ ಬಂದಿತ್ತು. ಪ್ಲೇಟ್‌ಲೆಟ್ 1.1 ಲಕ್ಷ ಇತ್ತು. ಡೆಂಗಿ ಅಂದುಕೊಂಡರು, ಪಪ್ಪಾಯಿ ಎಲೆ ರಸ ಕುಡಿದರು. ಜ್ವರ ಇಳಿದು ಆರು ವಾರ ಆಗಿತ್ತು. ಪ್ಲೇಟ್‌ಲೆಟ್ ಮಾತ್ರ 1.28 ಲಕ್ಷದ ಹತ್ತಿರವೇ ನಿಂತಿತ್ತು. ಡೆಂಗಿಯಲ್ಲಿ ಇಳಿದದ್ದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಏರುತ್ತದೆ. ಇಲ್ಲಿ ಏರಿರಲಿಲ್ಲ. ಅಂದರೆ ಕಾರಣ ಬೇರೆ ಇತ್ತು.

ವಯಸ್ಸು 48. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರು. ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಕುಡಿತ, ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಮಿಲ್ಲು ಹೇಳುವುದಿಲ್ಲ. ಇಲ್ಲಿ ಅವರನ್ನು ಗುಮಾಸ್ತರು ಅಂತಲೇ ಕರೆಯುತ್ತೇನೆ.

ಹೊಟ್ಟೆ ಮುಟ್ಟಿ ನೋಡಿದಾಗ ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮದ ತುದಿ ಬೆರಳಿಗೆ ಸಿಕ್ಕಿತು. ಗುಲ್ಮ ಅಂದರೆ ಸ್ಪ್ಲೀನ್. ಅದು ಉಬ್ಬಿದರೆ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಲೆಕ್ಕ ಕಮ್ಮಿ ಕಾಣುತ್ತದೆ. ಅಂಗೈ ಕೆಂಪಾಗಿತ್ತು. ಎದೆಯ ಮೇಲೆ ಜೇಡದ ಕಾಲಿನ ಹಾಗೆ ಹರಡಿದ ಸಣ್ಣ ಕೆಂಪು ರಕ್ತನಾಳ ಎರಡು ಕಡೆ ಇದ್ದವು. ಕಣ್ಣು ಹಳದಿ ಇರಲಿಲ್ಲ. ಕಾಲು ಬಾತಿರಲಿಲ್ಲ. ಅವರಿಗೆ ಸುಸ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ.

"ಹಳೇ ರಿಪೋರ್ಟ್ ಏನಾದ್ರೂ ಇದಾವಾ?" ಅಂತ ಕೇಳಿದೆ. ಇದ್ದವು. ಬಟ್ಟೆ ಅಂಗಡಿಯ ಹಳದಿ ಕ್ಯಾರಿಬ್ಯಾಗಿನಲ್ಲಿ, ತಾರೀಖಿನ ಪ್ರಕಾರ ಜೋಡಿಸಿ, ಮೂಲೆಗೆ ದಾರ ಹಾಕಿ ಕಟ್ಟಿದ್ದರು. ಲೆಕ್ಕಪತ್ರ ಬರೆಯುವವರ ಕೈ ಅಲ್ವಾ? ಒಂದು ಹಾಳೆಯೂ ಮಡಚಿರಲಿಲ್ಲ.

ಆ ಕಟ್ಟಿನಲ್ಲಿ 2019ರ ಒಂದು ಹೊಟ್ಟೆ ಸ್ಕ್ಯಾನ್ ರಿಪೋರ್ಟ್ ಇತ್ತು. ಗ್ರೇಡ್ 1 ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಸೇರುವ ಮೊದಲ ಹಂತ, ಅಂತ ಬರೆದಿತ್ತು. ಅದರ ಹಿಂದೆ ನೀಲಿ ಇಂಕಿನಲ್ಲಿ ಎರಡು ಸಾಲು: ವಾಕಿಂಗ್ ಮಾಡಿ, ಎಣ್ಣೆ ಕಮ್ಮಿ ಮಾಡಿ. ಅಕ್ಷರ ನೋಡುತ್ತಲೇ ಗೊತ್ತಾಯಿತು. ಅದು ನನ್ನದೇ ಬರಹ.

ಆವತ್ತು ನಾನು ಏನು ಹೇಳಿದ್ದೆ ಅಂತ ಅವರಿಗೆ ಚೆನ್ನಾಗಿ ನೆನಪಿತ್ತು. "ಎಲ್ಲಾರಿಗೂ ಇರ್ತದ, ಸುಮ್ನ ಚಿಂತಿ ಮಾಡಬ್ಯಾಡ್ರಿ ಅಂದಿದ್ರಿ ಮೇಡಂ." ದೂರುವ ದನಿ ಅಲ್ಲ. ಈಗಲೂ ಹಾಗೇ ಹೇಳಲಿ ಅಂತ ಕಾಯುವ ದನಿ.

ಆ ಲೆಕ್ಕ

2019ರ ಸ್ಕ್ಯಾನಿನ ಜೊತೆಗೇ ರಕ್ತದ ರಿಪೋರ್ಟೂ ಇತ್ತು. ಅದರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ಲಿವರ್ ಟೆಸ್ಟಿನಲ್ಲಿ ಅಳೆಯುವ ಎರಡು ಕಿಣ್ವ. ವಯಸ್ಸು 44. ಎಸ್‌ಜಿಒಟಿ 46, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.72 ಲಕ್ಷ. 2023ರಲ್ಲಿ ಎಸ್‌ಜಿಒಟಿ 62, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.28 ಲಕ್ಷ.

ಮೇಲ್ನೋಟಕ್ಕೆ ಎಸ್‌ಜಿಪಿಟಿ 64ರಿಂದ 49ಕ್ಕೆ ಇಳಿದಿದೆ. ಸುಧಾರಿಸಿದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಡುವಿನ ವರ್ಷಗಳಲ್ಲಿ ಅವರೂ ಹಾಗೇ ಅಂದುಕೊಂಡಿದ್ದರು. ಇಲ್ಲೇ ಮೋಸ ಹೋಗುವುದು. ಎಸ್‌ಜಿಪಿಟಿ ಲಿವರ್ ಜೀವಕೋಶದೊಳಗೆ ಇರುವ ಕಿಣ್ವ. ಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ವರ್ಷಗಟ್ಟಲೆ ಕೋಶಗಳು ಸತ್ತು ಆ ಜಾಗದಲ್ಲಿ ನಾರು ಬೆಳೆದರೆ ಸೋರೋಕೆ ಕೋಶಗಳೇ ಕಮ್ಮಿ. ಆಗ ನಂಬರ್ ಇಳಿಯುತ್ತದೆ. ಎಸ್‌ಜಿಒಟಿ ಅದನ್ನು ದಾಟಿ ಮೇಲೆ ಹೋಗುತ್ತದೆ. ಮೊದಲು ಎಸ್‌ಜಿಪಿಟಿ ಜಾಸ್ತಿ ಇದ್ದವರಲ್ಲಿ ಈ ಜೋಡಿ ಉಲ್ಟಾ ಆದರೆ, ಜೊತೆಗೆ ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ, ಲಿವರ್ ಗಟ್ಟಿಯಾಗುತ್ತಿರುವ ಸುಳಿವು ಅದು.

ಈ ಸುಳಿವನ್ನು ಒಂದೇ ಅಂಕಿಯಲ್ಲಿ ಹಿಡಿಯುವ ಸೂತ್ರವಿದೆ. ಹೆಸರು ಫಿಬ್-4. 2006ರಲ್ಲಿ ಇದು ಬಂದದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇರುವ ರೋಗಿಗಳ ಅಧ್ಯಯನದಿಂದ. ಆಮೇಲೆ ಫ್ಯಾಟಿ ಲಿವರಿಗೂ ಕೆಲಸಕ್ಕೆ ಬರುತ್ತದೆ ಅಂತ ಗೊತ್ತಾಯಿತು. ಹೊಸ ಪರೀಕ್ಷೆ ಏನೂ ಬೇಡ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು, ಅಂದರೆ 1.28 ಲಕ್ಷಕ್ಕೆ 128 ಅಂತ, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. 1.3ಕ್ಕಿಂತ ಕಮ್ಮಿ ಬಂದರೆ ಸದ್ಯಕ್ಕೆ ಗಂಭೀರ ನಾರು ಇರುವ ಸಾಧ್ಯತೆ ಕಮ್ಮಿ. 2.67ಕ್ಕಿಂತ ಜಾಸ್ತಿ ಬಂದರೆ ಇರುವ ಸಾಧ್ಯತೆ ಜಾಸ್ತಿ. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು. 65 ದಾಟಿದವರಿಗೆ ಕೆಳಗಿನ ಗೆರೆ 2. ಮೂವತ್ತೈದರೊಳಗಿನವರಿಗೆ ಈ ಲೆಕ್ಕ ನೆಚ್ಚಿಕೊಳ್ಳುವಂಥದ್ದಲ್ಲ.

ನಾನು ಫೋನಿನ ಕ್ಯಾಲ್ಕ್ಯುಲೇಟರ್ ತೆಗೆಯುವಷ್ಟರಲ್ಲಿ ಅವರು ಜೇಬಿನಿಂದ ಪೆನ್ಸಿಲ್ ತೆಗೆದು ರಿಪೋರ್ಟಿನ ಅಂಚಿನಲ್ಲೇ ಶುರು ಮಾಡಿದ್ದರು. 49ರ ವರ್ಗಮೂಲ 7. 48 ಗುಣಿಸು 62, 2976. 128 ಗುಣಿಸು 7, 896. ಭಾಗಿಸಿದರೆ 3.32.

ಆಮೇಲೆ ನಾನು ಹೇಳದೇನೇ 2019ರ ಹಾಳೆ ತೆಗೆದರು. 64ರ ವರ್ಗಮೂಲ 8. 44 ಗುಣಿಸು 46, 2024. 172 ಗುಣಿಸು 8, 1376. ಭಾಗಿಸಿದರೆ 1.47.

"ಆವಾಗ್ಲೇ ಗೆರಿ ದಾಟಿತ್ತಲ್ರಿ" ಅಂದರು.

ಹೌದು, ದಾಟಿತ್ತು. 1.47 ಅಂದರೆ ರೋಗ ಖಾತ್ರಿ ಅಂತಲ್ಲ. ಮುಂದಿನ ಪರೀಕ್ಷೆ ಮಾಡಿಸಿ ಅಂತ. ಬೇಕಾದ ಮೂರು ಅಂಕಿ ನನ್ನ ಮೇಜಿನ ಮೇಲೇ ಇದ್ದವು. ನಾನು ಲೆಕ್ಕ ಹಾಕಲಿಲ್ಲ. ಅದನ್ನು ಅವರಿಗೆ ಹೇಳಿದೆ, ಕ್ಷಮೆ ಕೇಳಿದೆ. ಈ ಬರಹ ಬರೆಯುತ್ತಿರುವುದೂ ಅದೇ ಕಾರಣಕ್ಕೆ. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳ ಕ್ಯಾರಿಬ್ಯಾಗಿನಲ್ಲಿ ಈ ಮೂರು ಅಂಕಿ ಸುಮ್ನೆ ಬಿದ್ದಿರುತ್ತವೆ. ಅವನ್ನು ಕೂಡಿಸಿ ನೋಡಬೇಕು. ಅದಕ್ಕೆ ಬೇಕಾದದ್ದು ಒಂದು ಪೆನ್ಸಿಲ್.

ಕುಡಿತಾರೇನ್ರಿ?

ಮುಂದಿನ ವಾರ ಅವರ ಹೆಂಡತಿ ಒಬ್ಬರೇ ಬಂದರು. ಕಂಪೌಂಡರ್ ಹೊರಗೆ ಹೋಗುವವರೆಗೂ ಕಾದರು. "ಖರೇ ಹೇಳ್ರಿ ಮೇಡಂ, ಇವ್ರು ಕದ್ದು ಕುಡೀತಾರೇನ್ರಿ?"

ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವರು ಕೇಳಿದ ಪ್ರಶ್ನೆ ಇದು. ಯಾಕಂದರೆ ಲಿವರ್ ಹಾಳಾಗಿದೆ ಅಂದ ತಕ್ಷಣ ಊರಿನಲ್ಲಿ ಒಂದೇ ಅರ್ಥ. ಮಗಳ ಸಂಬಂಧ ಮಾತಾಡುತ್ತಿದ್ದರು. ಗಂಡಿನ ಕಡೆಯವರ ಕಿವಿಗೆ ಮಾತು ಬಿದ್ದಿತ್ತು. ಅಣ್ಣ ತಮ್ಮಂದಿರೂ ಮುಖ ಬೇರೆ ಮಾಡಿದ್ದರು. ಗುಮಾಸ್ತರು ಹಬ್ಬಕ್ಕೂ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಕಾಯಿಲೆ ಕೊಟ್ಟ ನೋವಿಗಿಂತ ಈ ಮಾತು ಕೊಟ್ಟ ನೋವು ಜಾಸ್ತಿ.

ಕುಡಿಯುವವರ ಲಿವರಿನಲ್ಲಿ ಕಾಣುವ ಕೊಬ್ಬು, ಉರಿಯೂತ, ನಾರು ಮೂರೂ ಕುಡಿಯದವರಲ್ಲೂ ಕಾಣುತ್ತವೆ. ಇದನ್ನು 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಜುರ್ಗನ್ ಲುಡ್ವಿಗ್ ಮತ್ತು ಜೊತೆಗಾರರು 20 ರೋಗಿಗಳ ಲಿವರ್ ತುಣುಕು ನೋಡಿ ಬರೆದರು. ಸೂಕ್ಷ್ಮದರ್ಶಕದಲ್ಲಿ ಅದು ಕುಡುಕರ ಲಿವರಿನ ಹಾಗೇ ಕಂಡಿತ್ತು. ಆದರೆ ಆ ರೋಗಿಗಳು ಕುಡಿಯುವವರಲ್ಲ. ಹೆಚ್ಚಿನವರು ದಪ್ಪಗಿದ್ದರು, ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಅದಕ್ಕೆ ನಾನ್ ಆಲ್ಕೊಹಾಲಿಕ್ ಅಂತ ಹೆಸರಿಟ್ಟರು. ಆ ಹೆಸರೇ ಒಂದು ತೊಂದರೆ ಆಯಿತು. ಕುಡಿಯದವರ ಕಾಯಿಲೆಯ ಹೆಸರಲ್ಲೂ ಕುಡಿತ ಬಂದು ಕೂತಿತು. 2023ರ ಜೂನ್‌ನಲ್ಲಿ ಹಲವು ದೇಶಗಳ ಲಿವರ್ ತಜ್ಞರ ಸಂಘಗಳು ಸೇರಿ ಹೆಸರು ಬದಲಿಸಿದವು. ಈಗ ಅದನ್ನು ಎಂಎಎಸ್‌ಎಲ್‌ಡಿ ಅನ್ನುತ್ತಾರೆ. ಮೈಯಲ್ಲಿ ಸಕ್ಕರೆ, ಕೊಬ್ಬು ಬಳಕೆಯಾಗುವ ರೀತಿ ಕೆಟ್ಟು ಬರುವ ಲಿವರ್ ಕಾಯಿಲೆ ಅಂತ ಅರ್ಥ. ಗುಮಾಸ್ತರು ನನ್ನ ಹತ್ತಿರ ಬಂದದ್ದು ಹೆಸರು ಬದಲಾಗಿ ಎರಡು ತಿಂಗಳಿಗೆ. ಹೆಸರು ಬದಲಾದದ್ದು ನಮ್ಮೂರಿಗೆ ಇನ್ನೂ ಮುಟ್ಟಿರಲಿಲ್ಲ.

ಹೆಂಡತಿಗೆ ಇಷ್ಟೆಲ್ಲ ಹೇಳಲಿಲ್ಲ. "ಇಲ್ಲಮ್ಮ, ಕುಡಿದಿಲ್ಲ. ಇದು ಶುಗರಿನ ಅಣ್ಣ ತಮ್ಮ" ಅಂದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದನ್ನ ಒಂದು ಚೀಟಿ ಮ್ಯಾಲ ಬರದು ಕೊಡ್ರಿ" ಅಂದರು. ಬರೆದು ಕೊಟ್ಟೆ. ಲೆಟರ್‌ಹೆಡ್ಡಿನ ಮೇಲೆ, ಕನ್ನಡದಲ್ಲಿ, ಸೀಲು ಹಾಕಿ.

ಹಾಗಂತ ಬೇರೆ ಕಾರಣ ನೋಡದೆ ಬಿಡಲಿಲ್ಲ. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ಮೈಯ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆಯ ಗುರುತು ಇರಲಿಲ್ಲ. ಕಬ್ಬಿಣದ ಅಂಶ ಮಿತಿಯಲ್ಲಿತ್ತು.

ಒಂದು ಸಂಶಯ ಉಳಿದಿತ್ತು. ಕೊರೊನಾ ಕಾಲದಲ್ಲಿ ಅವರು ತಿಂಗಳುಗಟ್ಟಲೆ ಅಮೃತಬಳ್ಳಿ ಕಷಾಯ ಕುಡಿದಿದ್ದರು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟು ಬಿದ್ದದ್ದನ್ನು 2021ರಲ್ಲಿ ಮುಂಬೈ ವೈದ್ಯರು ಆರು ರೋಗಿಗಳ ವಿವರದೊಂದಿಗೆ ಬರೆದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ವರದಿ ಬಂತು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಗುಮಾಸ್ತರ ವಿಷಯದಲ್ಲಿ ಮಾತ್ರ ನನಗೆ ಗೊಂದಲವಿಲ್ಲ. ಅವರ 1.47 ಕಷಾಯಕ್ಕಿಂತ ಹಳೆಯದು. ಆದರೂ ಕಷಾಯ ಬಿಡಿಸಿದೆ.

ಭತ್ತದ ಕಣಜದಲ್ಲಿ

ಲಿವರಿಗೆ ಕೊಬ್ಬು ಎಲ್ಲಿಂದ ಬರುತ್ತದೆ? ಎಣ್ಣೆಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 2019ರಲ್ಲಿ ನಾನೂ ಎಣ್ಣೆ ಕಮ್ಮಿ ಮಾಡಿ ಅಂತ ಮಾತ್ರ ಬರೆದಿದ್ದೆ. 2005ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಒಂಬತ್ತು ಜನ ಫ್ಯಾಟಿ ಲಿವರ್ ರೋಗಿಗಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಗುರುತು ಹಚ್ಚಿದ ಪರಮಾಣುಗಳನ್ನು ಆಹಾರದಲ್ಲೂ ರಕ್ತದಲ್ಲೂ ಸೇರಿಸಿ, ಲಿವರಿನ ಕೊಬ್ಬು ಯಾವ ದಾರಿಯಿಂದ ಬಂತು ಅಂತ ಹುಡುಕಿದರು. 100 ಪಾಲಿನಲ್ಲಿ 59 ಪಾಲು ಮೈಯ ಕೊಬ್ಬಿನಿಂದ, ಅಂದರೆ ಮೈಯಲ್ಲಿ ಕೂಡಿಟ್ಟದ್ದು ಕರಗಿ ರಕ್ತದ ಮೂಲಕ ಬಂದದ್ದು. 26 ಪಾಲು ಲಿವರ್ ತಾನೇ ತಯಾರಿಸಿದ್ದು, ಹೆಚ್ಚಾದ ಹಿಟ್ಟು ಸಕ್ಕರೆಯಿಂದ. ಊಟದ ಎಣ್ಣೆ ತುಪ್ಪದಿಂದ ನೇರವಾಗಿ ಬಂದದ್ದು 15 ಪಾಲು ಮಾತ್ರ.

ಗುಮಾಸ್ತರ ದಿನ ಹೀಗಿತ್ತು. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ. ಮಧ್ಯಾಹ್ನ ಮೂರು ಸಲ ಹಾಕಿಸಿಕೊಂಡು ಅನ್ನ. ರಾತ್ರಿ ಮತ್ತೆ ಅನ್ನ. ಮಿಲ್ಲಿನಲ್ಲಿ ಎಂಟು ಸಲ ಚಹಾ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಶುಗರ್ ಇದ್ದರೂ ಚಹಾ ಬಿಟ್ಟಿರಲಿಲ್ಲ. ಎಂಟು ಚಹಾ ಅಂದರೆ ದಿನಕ್ಕೆ ಸುಮಾರು 80 ಗ್ರಾಂ ಸಕ್ಕರೆ. ಅದನ್ನೂ ಅವರೇ ಲೆಕ್ಕ ಹಾಕಿದರು: ತಿಂಗಳಿಗೆ ಎರಡು ಕಿಲೋ 400 ಗ್ರಾಂ. ಆ ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅವರ ಅಜ್ಜನ ಕಾಲದಲ್ಲಿ ಇದೇ ನೆಲ ಜೋಳದ ನೆಲ. 1953ರಲ್ಲಿ ತುಂಗಭದ್ರಾ ಜಲಾಶಯ ಬಂತು. ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ ಬಂತು. ಗಂಗಾವತಿ, ಸಿಂಧನೂರು ಭತ್ತದ ಕಣಜ ಅನ್ನಿಸಿಕೊಂಡವು. ಅಜ್ಜ ಎತ್ತಿನ ಹಿಂದೆ ನಡೆಯುತ್ತಿದ್ದರು, ಎರಡು ಹೊತ್ತು ರೊಟ್ಟಿ ತಿನ್ನುತ್ತಿದ್ದರು. ಅನ್ನ ಹಬ್ಬಕ್ಕೆ. ಮೊಮ್ಮಗ ಕುರ್ಚಿಯಲ್ಲಿ ಕೂತು ಮೂರು ಹೊತ್ತೂ ಅಕ್ಕಿ ತಿನ್ನುತ್ತಾರೆ. ಅಕ್ಕಿಯನ್ನು ದೂರುವ ಮನಸ್ಸು ನನಗಿಲ್ಲ. ಆ ನೀರಿನಿಂದ ಈ ಭಾಗದ ಹೊಟ್ಟೆ ತುಂಬಿದೆ, ನಾನೂ ಆ ಅನ್ನ ತಿಂದೇ ಓದಿದವಳು. ಆದರೆ ತಟ್ಟೆ ಬದಲಾಯಿತು, ಮೈಯ ದುಡಿಮೆಯೂ ಬದಲಾಯಿತು. ಎರಡರ ವ್ಯತ್ಯಾಸ ಲಿವರಿನಲ್ಲಿ ಜಮಾ ಆಗುತ್ತದೆ.

ಅವರ ಎತ್ತರ 165 ಸೆಂಟಿಮೀಟರ್, ತೂಕ 74 ಕಿಲೋ. ಯಾರೂ ಅವರನ್ನು ದಪ್ಪ ಅನ್ನುವುದಿಲ್ಲ. ಕೈಕಾಲು ಸಣ್ಣ. ಸೊಂಟ ಮಾತ್ರ 101 ಸೆಂಟಿಮೀಟರ್. ಭಾರತದ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಎಚ್ಚರ ವಹಿಸಬೇಕು. ನಮ್ಮವರಲ್ಲಿ ಕಮ್ಮಿ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ವಂಶದ ಪಾಲೂ ಇದೆ. ಪಿಎನ್‌ಪಿಎಲ್‌ಎ3 ಅನ್ನುವ ವಂಶವಾಹಿಯ ಒಂದು ಬದಲಾವಣೆ ಇದ್ದವರ ಲಿವರಿನಲ್ಲಿ ಕೊಬ್ಬು ಜಾಸ್ತಿ ಅಂತ 2008ರಲ್ಲಿ ಡಲ್ಲಾಸಿನ ಹೆಲೆನ್ ಹಾಬ್ಸ್ ತಂಡ ಕಂಡುಹಿಡಿಯಿತು.

ಚೀಲ ಚುಚ್ಚದೆ

ಫೈಬ್ರೋಸ್ಕ್ಯಾನ್‌ಗೆ ಹುಬ್ಬಳ್ಳಿಗೆ ಕಳಿಸಿದೆ. ಮೂರು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಬಲಗೈ ತಲೆಯ ಹಿಂದೆ ಇಟ್ಟು ಮಲಗಿಸುತ್ತಾರೆ. ಪಕ್ಕೆಲುಬಿನ ನಡುವೆ ಒಂದು ಸಣ್ಣ ಕಡ್ಡಿಯಂಥದ್ದು ಬೆರಳಿನಿಂದ ತಟ್ಟಿದ ಹಾಗೆ ಟಕ್ ಅಂತ ಬಡಿಯುತ್ತದೆ. ಆ ಬಡಿತದ ಅಲೆ ಲಿವರಿನಲ್ಲಿ ಎಷ್ಟು ಬೇಗ ಹೋಗುತ್ತದೆ ಅಂತ ಯಂತ್ರ ಅಳೆಯುತ್ತದೆ. ಮೆತ್ತಗಿದ್ದರೆ ನಿಧಾನ, ಗಟ್ಟಿಯಾಗಿದ್ದರೆ ಜೋರು. ಹತ್ತು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳುತ್ತಾರೆ.

ಸೂಜಿ ಹಾಕಿ ತುಣುಕು ತೆಗೆಯುವುದು ಹಳೆಯ ದಾರಿ. ಅದು ಇಡೀ ಲಿವರಿನ 50,000ದಲ್ಲಿ ಒಂದು ಭಾಗ ಅಷ್ಟೇ. ಗುಮಾಸ್ತರಿಗೆ ಇದು ತಕ್ಷಣ ಅರ್ಥವಾಯಿತು. ಮಿಲ್ಲಿಗೆ ಬಂದ ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ. ಮೂಲೆಯ ಕಾಳು ನೋಡಿ ಇಡೀ ಲಾರಿಗೆ ರೇಟು ಕಟ್ಟಿದರೆ ಏನಾಗುತ್ತದೆ ಅಂತ ಅವರಿಗೆ ನಾನು ಹೇಳಬೇಕಿಲ್ಲ.

ಗಟ್ಟಿತನದ ಅಂಕಿ 17.6 ಕಿಲೋಪಾಸ್ಕಲ್ ಬಂತು. 8ರ ಕೆಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಗುಲ್ಮ, ಪ್ಲೇಟ್‌ಲೆಟ್, ಸ್ಕ್ಯಾನಿನಲ್ಲಿ ಲಿವರಿನ ಅಂಚು ಗಂಟುಗಂಟಾಗಿ ಕಂಡದ್ದು, ಎಲ್ಲ ಸೇರಿ ಸಿರೋಸಿಸ್, ಅಂದರೆ ನಾರು ತುಂಬಿ ಲಿವರ್ ಗಟ್ಟಿಯಾದ ಸ್ಥಿತಿ, ಅಂತ ತೀರ್ಮಾನವಾಯಿತು. ಆದರೆ ಇನ್ನೂ ಕೆಲಸ ನಡೆಸಿಕೊಂಡು ಹೋಗುತ್ತಿರುವ ಸಿರೋಸಿಸ್. ಕಾಮಣಿ ಇಲ್ಲ, ಹೊಟ್ಟೆಯಲ್ಲಿ ನೀರಿಲ್ಲ, ರಕ್ತ ವಾಂತಿ ಇಲ್ಲ. ಈ ಹಂತದಲ್ಲಿ ಸಿಕ್ಕರೆ ಮಾಡೋಕೆ ಬಹಳ ಇದೆ.

ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದರಿಂದ ಎಂಡೋಸ್ಕೋಪಿಯೂ ಬೇಕಿತ್ತು. ಅನ್ನನಾಳದ ಕೆಳತುದಿಯಲ್ಲಿ ಸಣ್ಣಗೆ ಉಬ್ಬಿದ ರಕ್ತನಾಳಗಳು ಇದ್ದವು. ಇದು ಯಾಕೆ ಆಗುತ್ತದೆ ಅಂತ ಹೆಂಡತಿ ಕೇಳಿದರು. ಅವರ ತವರು ಕಾಲುವೆಯ ಟೇಲೆಂಡಿನ ಹಳ್ಳಿ. ಕಾಲುವೆಗೆ ಹೂಳು ತುಂಬಿದರೆ ನೀರು ಏನು ಮಾಡುತ್ತದೆ ಅಂತ ನಾನೇ ಕೇಳಿದೆ. "ಹಿಂದಕ್ಕ ಒತ್ತತದ, ಸಣ್ಣ ವಡ್ಡು ಒಡೀತದ" ಅಂದರು. ಅಷ್ಟೇ. ಕರುಳಿನಿಂದ ಬರುವ ರಕ್ತವೆಲ್ಲ ಲಿವರ್ ದಾಟಿ ಹೋಗಬೇಕು. ಲಿವರಿನಲ್ಲಿ ನಾರು ತುಂಬಿದರೆ ರಕ್ತ ಹಿಂದಕ್ಕೆ ಒತ್ತಿ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಗುಲ್ಮ ಉಬ್ಬಿದ್ದೂ ಅದೇ ಒತ್ತಡಕ್ಕೆ. ಸಣ್ಣ ನಾಳ ಒಡೆದರೆ ರಕ್ತ ವಾಂತಿ.

ಒತ್ತಡ ಇಳಿಸೋಕೆ ಕಾರ್ವೆಡಿಲಾಲ್ ಶುರು ಮಾಡಿದರು. ಮೊದಲು ಸಣ್ಣ ಪ್ರಮಾಣ, ನಾಡಿ ಬಿಪಿ ನೋಡಿಕೊಂಡು ದಿನಕ್ಕೆ 12.5 ಮಿಲಿಗ್ರಾಂ. ಈ ಜಾತಿಯ ಮಾತ್ರೆ ಹಳೆಯದು, ಅಗ್ಗ. 2019ರಲ್ಲಿ ಪ್ರಕಟವಾದ, ಸ್ಪೇನಿನಲ್ಲಿ 201 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇಂಥ ಮಾತ್ರೆ ತೆಗೆದುಕೊಂಡವರಲ್ಲಿ 16 ಪ್ರತಿಶತ ಜನರ ಲಿವರ್ ಕೈಕೊಟ್ಟಿತು ಅಥವಾ ಅವರು ತೀರಿಕೊಂಡರು. ಔಷಧಿ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಅದು 27 ಪ್ರತಿಶತ.

ಪಥ್ಯ

ನಿಜವಾದ ಜಗಳ ಶುರುವಾದದ್ದು ಊಟದ ವಿಷಯಕ್ಕೆ. ಲಿವರ್ ಅಂದ ತಕ್ಷಣ ಮನೆಯಲ್ಲಿ ಕಾಮಣಿ ಪಥ್ಯ ಶುರುವಾಗಿತ್ತು. ಎಣ್ಣೆ ಇಲ್ಲ, ಬೇಳೆ ಇಲ್ಲ, ಹಾಲು ಇಲ್ಲ. ಬರೀ ಗಂಜಿ. ಹಳ್ಳಿಯವರೊಬ್ಬರು ಕೊಡುವ ಕಾಮಣಿ ಔಷಧಿಗೂ ಮಾತಾಗಿತ್ತು.

ಆ ಔಷಧಿಯ ಮೇಲೆ ಜನಕ್ಕೆ ಯಾಕೆ ನಂಬಿಕೆ ಅಂತ ನನಗೆ ಅರ್ಥವಾಗುತ್ತದೆ. ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಕಾಮಣಿ ಬಹಳ ಜನರಲ್ಲಿ ಕೆಲವು ವಾರದಲ್ಲಿ ತಾನೇ ವಾಸಿಯಾಗುತ್ತದೆ. ವಾಸಿಯಾದಾಗ ಕೈಯಲ್ಲಿದ್ದ ಔಷಧಿಗೆ ಹೆಸರು ಬರುತ್ತದೆ. ಕಾಮಣಿಗೆ ಕೊಡುವ ನೆಲನೆಲ್ಲಿ ಗಿಡವನ್ನು ವಿಜ್ಞಾನಿಗಳು ಕಡೆಗಣಿಸಿಯೂ ಇಲ್ಲ. ಹೆಪಟೈಟಿಸ್ ಬಿ ವೈರಸ್ ಪತ್ತೆಗೆ ದಾರಿ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್, ಮದ್ರಾಸಿನ ತ್ಯಾಗರಾಜನ್ ಜೊತೆ ಸೇರಿ ಅದನ್ನು ಪರೀಕ್ಷಿಸಿದರು. 1988ರಲ್ಲಿ ಬಂದ ಫಲಿತಾಂಶ ಬಹಳ ಆಸೆ ಹುಟ್ಟಿಸಿತು. ಆಮೇಲಿನ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಗುಮಾಸ್ತರಿಗೆ ಇದ್ದದ್ದು ಕಾಮಣಿಯೂ ಅಲ್ಲ, ವೈರಸ್ಸೂ ಅಲ್ಲ.

ಗಂಜಿ ಪಥ್ಯ ಅವರಿಗೆ ಎರಡು ಪಟ್ಟು ಕೆಟ್ಟದ್ದು. ಒಂದು, ಅದೇ ಅಕ್ಕಿ. ಎರಡು, ಸಿರೋಸಿಸ್‌ನಲ್ಲಿ ಮಾಂಸಖಂಡ ಬೇಗ ಕರಗುತ್ತದೆ. ಗಟ್ಟಿಯಾದ ಲಿವರಿಗೆ ಸಕ್ಕರೆಯನ್ನು ಕೂಡಿಡುವ ಜಾಗ ಕಮ್ಮಿ. ಒಂದು ರಾತ್ರಿಯ ಉಪವಾಸ ಅವರ ಮೈಗೆ ಆರೋಗ್ಯವಂತರ ಎರಡು ಮೂರು ದಿನದ ಉಪವಾಸ ಇದ್ದಂತೆ. ಆಗ ಮೈ ತನ್ನ ಮಾಂಸವನ್ನೇ ಒಡೆದು ತಿನ್ನುತ್ತದೆ. ಅವರು ಶ್ರಾವಣ ಸೋಮವಾರ ಉಪವಾಸ ಮಾಡುವವರು. ಬಂದದ್ದೂ ಶ್ರಾವಣದಲ್ಲೇ. ಅದನ್ನು ಬಿಡಿಸೋಕೆ ಔಷಧಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಕೊನೆಗೆ ಅವರ ತಾಯಿಯೇ, "ದೇವ್ರು ಉಪಾಸ ಕೆಡವು ಅಂತ ಇವರ ಬಾಯಿಲೆ ಹೇಳ್ಯಾನ, ತಿನ್ನು" ಅಂದರು.

ಬೆಳಿಗ್ಗೆ ಒಗ್ಗರಣಿ ಬದಲು ಮೊಳಕೆ ಹೆಸರುಕಾಳು, ಒಂದು ರೊಟ್ಟಿ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಕಾಳಿನ ಪಲ್ಯ, ಗಟ್ಟಿ ಬೇಳೆ, ಮೊಸರು, ಕೊನೆಗೆ ಒಂದೇ ಸೌಟು ಅನ್ನ. ಮಲಗುವ ಮುಂಚೆ ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ. ಚಹಾ ಎರಡು, ಸಕ್ಕರೆ ಇಲ್ಲದೆ. ಮಂಡಿ ನೋವಿಗೆ ತೆಗೆದುಕೊಳ್ಳುತ್ತಿದ್ದ ನೋವಿನ ಮಾತ್ರೆ ಪೂರ್ತಿ ಬಂದ್. ಜ್ವರಕ್ಕೆ ಪ್ಯಾರಸಿಟಮಾಲ್ ಪರವಾಗಿಲ್ಲ, ದಿನಕ್ಕೆ ಎರಡು ಗ್ರಾಂ ಮೀರಬಾರದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದೆ.

ತೂಕ ಇಳಿಸುವುದೇ ಮದ್ದು ಅನ್ನುವುದಕ್ಕೆ ಗಟ್ಟಿ ಆಧಾರ ಬಂದದ್ದು 2015ರಲ್ಲಿ, ಕ್ಯೂಬಾದಿಂದ. 293 ರೋಗಿಗಳನ್ನು ಒಂದು ವರ್ಷ ಊಟ, ನಡಿಗೆಯ ಮೇಲೆ ಇಟ್ಟರು. ಮೈತೂಕದ ಹತ್ತನೇ ಒಂದು ಭಾಗ ಇಳಿಸಿದವರಲ್ಲಿ 90 ಪ್ರತಿಶತ ಜನರ ಲಿವರ್ ಉರಿಯೂತ ಹೋಯಿತು, 45 ಪ್ರತಿಶತ ಜನರ ನಾರು ಹಿಂದಕ್ಕೆ ಸರಿಯಿತು. ಆದರೆ ಅವರು ಸಿರೋಸಿಸ್ ಮುಟ್ಟದವರು. 2019ರ ಗುಮಾಸ್ತರಿಗೆ ಆ ಫಲ ಸಿಗಬಹುದಿತ್ತು. 2023ರವರಿಗೆ ಅಷ್ಟು ಭರವಸೆ ಕೊಡೋಕೆ ನನಗೆ ಬಾಯಿ ಬರಲಿಲ್ಲ.

ಮರುವರ್ಷ ಅವರೇ ಪೇಪರಿನ ತುಂಡು ಹಿಡಿದು ಬಂದರು. ಈ ಕಾಯಿಲೆಗೆ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧಿ ರೆಸ್‌ಮೆಟಿರೋಮ್. 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್‌ಗೂ ಒಪ್ಪಿಗೆ ಬಂತು. ನಮ್ಮ ದೇಶದಲ್ಲಿ 2020ರಿಂದಲೇ ಸಾರೋಗ್ಲಿಟಜಾರ್ ಇದೆ, ಇಲ್ಲೇ ತಯಾರಾದದ್ದು. ಆದರೆ ಆ ಎರಡು ಹೊಸ ಒಪ್ಪಿಗೆಗಳೂ ನಾರು ಮಧ್ಯಮ ಅಥವಾ ಮುಂದುವರಿದ ಹಂತದಲ್ಲಿ ಇರುವವರಿಗೆ. ಸಿರೋಸಿಸ್ ಆದವರಿಗಲ್ಲ. ಇದನ್ನು ಹೇಳುವಾಗ ನನಗೆ ಮತ್ತೆ ಆ ನೀಲಿ ಇಂಕಿನ ಎರಡು ಸಾಲು ಕಣ್ಣ ಮುಂದೆ ಬಂದವು. ಹೊಸ ಔಷಧಿ ಎಷ್ಟು ಬಂದರೂ, ಬಾಗಿಲು ತೆರೆದಿರುವಾಗಲೇ ರೋಗಿಯನ್ನು ಗುರುತಿಸದಿದ್ದರೆ ಏನು ಪ್ರಯೋಜನ? 2021ರ ಫೆಬ್ರವರಿಯಲ್ಲೇ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಬಿಪಿ, ಶುಗರ್, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಕಾಗದದ ಮೇಲೆ ದಾರಿ ಇದೆ. ಶುಗರ್ ರೋಗಿ ಬಂದಾಗಲೆಲ್ಲ ಡಾಕ್ಟರು, ನಾನೂ ಸೇರಿ, ಆ ಲೆಕ್ಕ ಹಾಕುವ ಅಭ್ಯಾಸ ಬೆಳೆಯಬೇಕು.

ಎರಡು ವರ್ಷದ ನಂತರ

2025ರ ಆಗಸ್ಟ್‌ನಲ್ಲಿ ತೂಕ 67 ಕಿಲೋ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.1 ಇದ್ದದ್ದು 6.8. ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.36 ಲಕ್ಷ. ಫಿಬ್-4 ಅವರೇ ಹಾಕಿಕೊಂಡು ಬಂದಿದ್ದರು: 2.45. ಫೈಬ್ರೋಸ್ಕ್ಯಾನ್ 17.6ರಿಂದ 12.8. ಇಳಿದದ್ದರಲ್ಲಿ ಒಂದು ಪಾಲು ಉರಿಯೂತ ಕಮ್ಮಿಯಾದದ್ದು, ಎಲ್ಲವೂ ನಾರು ಕರಗಿದ್ದಲ್ಲ ಅಂತ ಬಿಡಿಸಿ ಹೇಳಿದೆ. ಸಿರೋಸಿಸ್ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಇರುತ್ತದೆ. ಅದಕ್ಕೆ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ. ಇಲ್ಲಿಯವರೆಗೆ ಐದು ಆಗಿವೆ, ಗಂಟು ಕಂಡಿಲ್ಲ.

ಮನೆಯವರನ್ನೂ ನೋಡಿದೆ. ಈ ಕಾಯಿಲೆಯಿಂದ ಸಿರೋಸಿಸ್ ಆದವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಗಂಭೀರ ನಾರಿನ ಅಪಾಯ ಬೇರೆಯವರಿಗಿಂತ 12 ಪಟ್ಟು ಅಂತ 2017ರಲ್ಲಿ ಸ್ಯಾನ್ ಡಿಯಾಗೊದ ಅಧ್ಯಯನ ತೋರಿಸಿತ್ತು. ಮುಖ ಬೇರೆ ಮಾಡಿದ್ದ ತಮ್ಮನಿಗೂ ಫ್ಯಾಟಿ ಲಿವರ್ ಇತ್ತು. ಫಿಬ್-4 0.90. ಅವರ ಬಾಗಿಲು ಇನ್ನೂ ತೆರೆದಿದೆ. ಈಗ ಅಣ್ಣ ತಮ್ಮ ಇಬ್ಬರೂ ಶನಿವಾರ ಬೆಳಿಗ್ಗೆ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುತ್ತಾರೆ. ಮೊದಲ ಸಲ ಗುಮಾಸ್ತರು ನಾಲ್ಕು ಕಡೆ ಕೂತಿದ್ದರಂತೆ. ಮಗಳ ಮದುವೆ ಆಯಿತು. ನಾನು ಕೊಟ್ಟ ಚೀಟಿಯನ್ನು ಹೆಂಡತಿ ಗಂಡಿನ ಮನೆಯಲ್ಲಿ ತೋರಿಸಿದ್ದರು ಅಂತ ಆಮೇಲೆ ಗೊತ್ತಾಯಿತು.

ಹೋದ ತಿಂಗಳು ಬಂದಾಗ ಕ್ಯಾರಿಬ್ಯಾಗ್ ದಪ್ಪವಾಗಿತ್ತು. ಮಿಲ್ಲಿನ ಮೂವರ ರಿಪೋರ್ಟ್ ತಂದಿದ್ದರು. ಮೂರರ ಅಂಚಿನಲ್ಲೂ ಪೆನ್ಸಿಲ್ ಲೆಕ್ಕ. ಒಬ್ಬ ಹುಡುಗನಿಗೆ 27 ವರ್ಷ, ಅವನಿಗೆ ಈ ಲೆಕ್ಕ ಹೊಂದುವುದಿಲ್ಲ ಅಂತ ಹೊಡೆದು ಹಾಕಿದೆ, ಸೊಂಟ ಅಳೆಸು ಅಂದೆ. ಇನ್ನೊಬ್ಬರದು 1ರ ಕೆಳಗೆ. ಮೂರನೆಯವರು ಲಾರಿ ಲೋಡಿನ ಮೇಸ್ತ್ರಿ, 52 ವರ್ಷ, ಶುಗರ್ ಇದೆ, ಕುಡಿಯುವುದಿಲ್ಲ. ಎಸ್‌ಜಿಒಟಿ 50, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.15 ಲಕ್ಷ. 1.73.

ಲೆಕ್ಕ ನಾನು ಇನ್ನೊಮ್ಮೆ ಹಾಕಿ ನೋಡಿದೆ. ಸರಿ ಇತ್ತು. ಮೇಸ್ತ್ರಿ ಬರುವ ಮಂಗಳವಾರ ಹುಬ್ಬಳ್ಳಿಗೆ ಹೋಗುತ್ತಿದ್ದಾರೆ. ಗುಮಾಸ್ತರು ಜೊತೆಗೆ ಹೋಗುತ್ತೇನೆ ಅಂದಿದ್ದಾರೆ.